ಗಾಡಿಯಡಿ ಬಿದ್ದ ಹನಿ: ಯಾವುದು, ಎಲ್ಲಿಂದ ಬಂತು?

ಆಲೂರು, ಪಾಳ್ಯ, ಬಾಳುಪೇಟೆ ಕಡೆ ಈಗ ಜೀಪೋ, ಓಮ್ನಿಯೋ, ಪಿಕಪ್ಪೋ ಇಲ್ಲದ ಮನೆ ಕಮ್ಮಿ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ನಮ್ಮಂಥ ಎರಡು ಮೂರು ಎಕರೆ ಖುಷ್ಕಿಯವರೂ ಆಲೂಗೆಡ್ಡೆ ಬಿತ್ತನೆ, ಶುಂಠಿ ಮೂಟೆ, ಗೊಬ್ಬರ ಎಲ್ಲ ಸ್ವಂತ ಗಾಡೀಲೇ ಸಾಗಿಸೋದು ಕಲಿತೆವು. ಆದರೆ ಹೊಸ ಗಾಡಿ ತಗೊಂಡವರು ಎಷ್ಟು ಮಂದಿ? ಹೆಚ್ಚಿನವು ಮೂರನೇ ಕೈ, ನಾಲ್ಕನೇ ಕೈ ದಾಟಿ ಬಂದವು. ಮಾರುತಿ 800 ತಯಾರಿಕೆ 2014ಕ್ಕೇ ನಿಂತಿತು, ಓಮ್ನಿ 2019ಕ್ಕೆ. ನಮ್ಮ ರಸ್ತೆಗಳಲ್ಲಿ ಅವು ಇನ್ನೂ ಓಡ್ತಾನೇ ಇವೆ. ಇಂಥ ಗಾಡಿ ಅಂದಮೇಲೆ ಬೆಳಗಾಗೆದ್ದು ನೋಡಿದರೆ ಅಡಿಯಲ್ಲಿ ಒಂದು ಹನಿ ಬಿದ್ದೇ ಇರುತ್ತದೆ.

ಈ ಹನಿ ಕಂಡಾಗ ನಮ್ಮಲ್ಲಿ ಎರಡು ಥರ ಜನ. "ಹಳೇ ಗಾಡಿ, ಸೋರ್ತದೆ ಬಿಡಿ" ಅನ್ನುವವರು ಒಂದು ಥರ. ನೇರ ವರ್ಕ್‌ಶಾಪಿಗೆ ಓಡಿಸಿ "ಅಣ್ಣ, ಆಯಿಲ್ ಲೀಕು, ನೋಡಿ" ಅಂತ ಕೀ ಕೊಟ್ಟು ಬರುವವರು ಇನ್ನೊಂದು ಥರ. ಎರಡೂ ಸರಿಯಲ್ಲ. ಯಾಕೆಂದರೆ ಗಾಡಿಯೊಳಗೆ ಒಂದು ಆಯಿಲ್ ಅಲ್ಲ, ಏಳೆಂಟು ಥರದ ದ್ರವ ಇದೆ. ಕೆಲವು ಸೋರಿದರೆ ತಿಂಗಳು ತಡೆಯಬಹುದು. ಒಂದು ಸೋರಿದರೆ ಗಾಡಿ ಅಂಗಳ ಬಿಟ್ಟು ಕದಲಿಸಬಾರದು. ಅಪಾಯವನ್ನು ಸೋರಿದ ಪ್ರಮಾಣದಿಂದ ಅಳೆಯೋಕೆ ಆಗೋದಿಲ್ಲ. ಅಂಗೈ ಅಗಲ ಕಪ್ಪು ಎಂಜಿನ್ ಆಯಿಲ್ ಬಿದ್ದಿದ್ದರೂ ಅಳತೆ ನೋಡಿ ತುಂಬಿಸಿಕೊಂಡು ಹಾಸನಕ್ಕೆ ಹೋಗಿಬರಬಹುದು. ಒಂದು ಚಮಚ ಬ್ರೇಕ್ ಆಯಿಲ್ ಬಿದ್ದಿದ್ದರೆ ಸಂತೆಗೂ ಹೋಗಬೇಡಿ.

ದನಕ್ಕೆ ಕಾಯಿಲೆ ಅಂದರೆ ನಾವು ಮೊದಲು ಸಗಣಿ, ಗಂಜಲ ನೋಡ್ತೀವಲ್ಲ, ಇದೂ ಹಾಗೇ. ಡಾಕ್ಟರು ಬರುವ ಮೊದಲು ಮನೆಯವನಿಗೆ ಇಷ್ಟು ಗೊತ್ತಿದ್ದರೆ ಮದ್ದು ಬೇಗ ಆಗ್ತದೆ, ಖರ್ಚೂ ಕಮ್ಮಿ. ನಾನು ಓದಿದ್ದು ಏಳನೇ ಕ್ಲಾಸು. ಹತ್ತಾರು ವರ್ಷ ಹಳೇ ಜೀಪು, ಪಿಕಪ್ ಇಟ್ಟುಕೊಂಡು, ಮೆಕ್ಯಾನಿಕ್ಕುಗಳ ಪಕ್ಕ ಕೂತು ನೋಡಿ, ಕೇಳಿ ತಿಳಿದದ್ದನ್ನು ಬರೀತಿದ್ದೀನಿ.

ರಟ್ಟಿನ ಪರೀಕ್ಷೆ

ಖರ್ಚಿಲ್ಲದ ಕೆಲಸ. ದಿನಸಿ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಎರಡು ತಂದು ಬಿಚ್ಚಿ ಹಾಸಿ. ಒಳಗಿನ ಬಿಳಿಚು ಮುಖ ಮೇಲೆ ಬರಲಿ. ರಾತ್ರಿ ಗಾಡಿಯನ್ನು ಅದರ ಮೇಲೆ ನಿಲ್ಲಿಸಿ. ನಾಲ್ಕು ಚಕ್ರ ಎಲ್ಲಿ ಬರ್ತವೆ, ಮೂತಿ ಯಾವ ಕಡೆ ಅಂತ ರಟ್ಟಿನ ಮೇಲೆ ಇದ್ದಿಲಲ್ಲಿ ಗುರುತು ಹಾಕಿ. ಬೆಳಿಗ್ಗೆ ಗಾಡಿ ತೆಗೆದರೆ ರಟ್ಟೇ ನಕ್ಷೆ. ಹನಿ ಮೂತಿಯ ಹತ್ತಿರವೋ, ಎಂಜಿನ್ನಿನ ಹಿಂದೆಯೋ, ಚಕ್ರದ ಒಳಮಗ್ಗುಲಲ್ಲೋ, ಹಿಂದಿನ ಗುಂಡು ಹೌಸಿಂಗ್ ಕೆಳಗೋ, ಎಲ್ಲ ಗೊತ್ತಾಗುತ್ತದೆ.

ಗುಡ್ಡದ ನಾಡಿನಲ್ಲಿ ಇದಕ್ಕೊಂದು ತೊಡಕುಂಟು. ನಮ್ಮ ಅಂಗಳಗಳು ಸಮ ಇರೋದಿಲ್ಲ. ಗಾಡಿ ಇಳಿಜಾರಲ್ಲಿ ನಿಂತರೆ ಸೋರಿದ್ದು ಚಾಸಿ ಹಿಡಿದು ಹರಿದು ತಗ್ಗಿನ ಕಡೆ ಎಲ್ಲೋ ಬೀಳುತ್ತದೆ. ಮೂತಿ ಕೆಳಗಾಗಿ ನಿಲ್ಲಿಸಿದರೆ ಮಾತ್ರ ಸೋರುವ ಸೀಲುಗಳೂ ಇವೆ, ಯಾಕೆಂದರೆ ಒಳಗಿನ ಆಯಿಲ್ ಆಗ ಮಾತ್ರ ಅಲ್ಲಿಗೆ ಮುಟ್ಟುತ್ತದೆ. ಆದ್ದರಿಂದ ಕಣದಂಥ ಸಮ ಜಾಗ ನೋಡಿ ನಿಲ್ಲಿಸಿ. ಸಿಗದಿದ್ದರೆ ಒಂದು ರಾತ್ರಿ ಮೂತಿ ಮೇಲೆ, ಇನ್ನೊಂದು ರಾತ್ರಿ ಮೂತಿ ಕೆಳಗೆ ಮಾಡಿ ಎರಡು ರಟ್ಟು ಹೋಲಿಸಿ. ಎಂಜಿನ್ ಆಯಿಲ್ ಗೇಜು ನೋಡೋದಕ್ಕೂ ಇದೇ ನಿಯಮ. ಇಳಿಜಾರಲ್ಲಿ ಅಳೆದು "ಕಮ್ಮಿ ಇದೆ" ಅಂತ ಸುರಿದು ಜಾಸ್ತಿ ಮಾಡಿದರೆ, ಆ ಜಾಸ್ತಿಯೇ ಸೀಲುಗಳಲ್ಲಿ ಹೊರಗೆ ಬರೋದುಂಟು.

ರಾತ್ರಿ ಏನೂ ಬೀಳದಿದ್ದರೂ ಸೋರಿಕೆ ಇಲ್ಲ ಅಂತ ಅಲ್ಲ. ಕೆಲವು ಕಡೆ ಒತ್ತಡ ಬಂದಾಗ ಮಾತ್ರ ಸೋರುತ್ತದೆ. ಬೆಳಿಗ್ಗೆ ಹೊಸ ರಟ್ಟು ಹಾಕಿ, ಗಾಡಿ ನ್ಯೂಟ್ರಲ್ಲಿನಲ್ಲಿ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ ಇನ್ನೊಮ್ಮೆ ನೋಡಿ. ಓಡಿಸುವುದು ಬಯಲಲ್ಲಿ ಇರಲಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಕಟ್ಟಿ ಜೀವಕ್ಕೆ ಕುತ್ತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬೇಡಿ.

ಬಣ್ಣ, ಬೆರಳು, ಮೂಗು, ನೀರು

ಹನಿ ಸಿಕ್ಕಿತು. ಈಗ ಅದು ಯಾವುದು ಅಂತ ತಿಳಿಯಬೇಕು. ಬರೀ ಬಣ್ಣ ನಂಬಿದರೆ ಮೋಸ. ಹೊಸ ಎಂಜಿನ್ ಆಯಿಲ್ ಜೇನಿನ ಬಣ್ಣ, ಡೀಸೆಲ್ ಗಾಡಿಯಲ್ಲಿ ಸ್ವಲ್ಪ ಓಡಿದರೆ ಸಾಕು, ಅದೇ ಮಸಿ ಆಗಿರುತ್ತದೆ. ಹೊಸ ಬ್ರೇಕ್ ಆಯಿಲ್ ನಸುಹಳದಿ, ವರ್ಷಗಟ್ಟಲೆ ಬದಲಿಸದಿದ್ದರೆ ಕಾಫಿ ಡಿಕಾಕ್ಷನ್ ಥರ ಕಪ್ಪಗಾಗುತ್ತದೆ. ಹಾಗಾಗಿ ಬಣ್ಣದ ಜೊತೆ ಬೆರಳಿಗೂ ಮೂಗಿಗೂ ಕೆಲಸ ಕೊಡಿ. ನಾಲಿಗೆಗೆ ಮಾತ್ರ ಬೇಡ.

ಎಂಜಿನ್ ಆಯಿಲ್ ಎರಡು ಬೆರಳ ನಡುವೆ ಉಜ್ಜಿದರೆ ಜಾರುತ್ತದೆ, ಸುಟ್ಟ ಎಣ್ಣೆ ವಾಸನೆ. ಗೇರ್ ಆಯಿಲ್ ಅದಕ್ಕಿಂತ ಮಂದ, ವಾಸನೆ ತೀಕ್ಷ್ಣ. ಅದರಲ್ಲಿ ಗಂಧಕದ ಅಂಶ ಸೇರಿಸಿರುತ್ತಾರೆ, ಮೂಗಿಗೆ ಹಿಡಿದರೆ ಒಂದು ಥರ ಕೊಳೆತ ಮೊಟ್ಟೆ, ಬೆಳ್ಳುಳ್ಳಿ ನೆನಪಾಗುತ್ತದೆ. ಒಮ್ಮೆ ಮೂಸಿದವನು ಮರೆಯೋದಿಲ್ಲ. ಗೇರ್ ಬಾಕ್ಸ್ ಮತ್ತು ಹಿಂದಿನ ಕ್ರೌನ್ ಹೌಸಿಂಗಿನಲ್ಲಿ ಇರೋದು ಇದು. ಪವರ್ ಸ್ಟೇರಿಂಗ್ ಆಯಿಲ್ ಬಹಳ ಗಾಡಿಗಳಲ್ಲಿ ಕೆಂಪು, ತೆಳು. ಅದು ಕಮ್ಮಿಯಾದರೆ ಸ್ಟೇರಿಂಗ್ ತಿರುಗಿಸುವಾಗ ಗುಂಯ್ ಅಂತ ನರಳುತ್ತದೆ. ಡೀಸೆಲ್, ಪೆಟ್ರೋಲ್ ವಾಸನೆ ಯಾರಿಗೂ ಹೇಳಿಕೊಡಬೇಕಿಲ್ಲ. ಕೂಲೆಂಟ್ ಹಸಿರು, ಗುಲಾಬಿ, ನೀಲಿ ಯಾವ ಬಣ್ಣವೂ ಇರಬಹುದು. ನೀರಿನಂತೆ ಹರಿದರೂ ಬೆರಳಿಗೆ ಅಂಟುತ್ತದೆ, ಸಿಹಿ ವಾಸನೆ, ಒಣಗಿದ ಜಾಗದಲ್ಲಿ ಬಿಳಿ ಅಥವಾ ಬಣ್ಣದ ಪುಡಿ ಗುರುತು ಬಿಡುತ್ತದೆ.

ಬ್ಯಾಟರಿ ಕೆಳಗಿನ ಹನಿಯಾದರೆ ಬೆರಳು ಇಡಲೇಬೇಡಿ. ಅದು ಆಸಿಡ್, ಪಂಚೆಗೆ ತಾಗಿದರೆ ತೂತು ಬೀಳುತ್ತದೆ. ಅಡುಗೆ ಸೋಡ ಉದುರಿಸಿ ನೊರೆ ಬಂದರೆ ಖಾತ್ರಿ. ಆಮೇಲೆ ಧಾರಾಳ ನೀರು ಹಾಕಿ ತೊಳೆಯಿರಿ.

ಇಷ್ಟಾದರೂ ಗೊಂದಲ ಉಳಿದರೆ ನೀರಿನ ಪರೀಕ್ಷೆ ಇದೆ. ಅಡುಗೆಗೆ ಬಳಸದ ಒಂದು ಹಳೇ ಬಟ್ಟಲಲ್ಲಿ ನೀರು ತಗೊಂಡು ಹನಿಯನ್ನು ಅದಕ್ಕೆ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್ ಮೂರೂ ತೇಲುತ್ತವೆ. ಡೀಸೆಲ್ ಕಾಮನಬಿಲ್ಲಿನ ಬಣ್ಣ ಮಾಡಿ ಅಗಲಕ್ಕೆ ಹರಡುತ್ತದೆ, ಆಯಿಲ್ ಗುಂಡಗೆ ನಿಲ್ಲುತ್ತದೆ. ಕೂಲೆಂಟ್ ಮತ್ತು ನಾವು ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಲ್ಲಿ ಬೆರೆತು ಹೋಗುತ್ತವೆ. ಬ್ರೇಕ್ "ಆಯಿಲ್" ಅಂತ ಹೆಸರಷ್ಟೇ, ಅದು ಎಣ್ಣೆ ಜಾತಿಯೇ ಅಲ್ಲ. ಬೆರಳಿಗೆ ಜಾರಿದ್ದು ನೀರಿಗೆ ಬಿದ್ದೊಡನೆ ಕರಗಿದರೆ ಬ್ರೇಕಿನ ಮೇಲೆ ಅನುಮಾನ ಇಡಿ. ಅದು ಬಿದ್ದ ಕಡೆ ಪೇಂಟ್ ಕೂಡ ಗುಳ್ಳೆ ಎದ್ದು ಕಿತ್ತು ಬರುತ್ತದೆ.

ಇನ್ನು ಬರೀ ನೀರು. ಏಸಿ ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಪೈಪಿನಿಂದ ಶುದ್ಧ ನೀರು ತೊಟ್ಟಿಕ್ಕುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಅಂಟೋದಿಲ್ಲ. ಅದು ಸೋರಿಕೆಯೇ ಅಲ್ಲ. ನಮ್ಮೂರಲ್ಲಿ ಹೊಸದಾಗಿ ಏಸಿ ಕಾರು ತಂದವರೊಬ್ಬರು ಎರಡು ದಿನ ನಿದ್ದೆಗೆಟ್ಟಿದ್ದರು.

ಬ್ರೇಕ್ ಆಯಿಲ್: ಇದೊಂದಕ್ಕೆ ರಿಯಾಯಿತಿ ಇಲ್ಲ

ಬಯಲು ಸೀಮೆಯವರಿಗಿಂತ ನಮಗೆ ಇದು ಯಾಕೆ ಮುಖ್ಯ ಅಂದರೆ, ನಾವು ಯಾವ ಕಡೆ ಹೊರಟರೂ ಇಳಿಯಲೇಬೇಕು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಧರ್ಮಸ್ಥಳಕ್ಕೋ ಮಂಗಳೂರಿಗೋ ಅಂದರೆ ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದು ಗುಂಡ್ಯ. ಸುಬ್ರಹ್ಮಣ್ಯಕ್ಕೆ ಅಂದರೆ ಹೆತ್ತೂರು ಮೇಲಿಂದ ಬಿಸಿಲೆ ಘಾಟಿ. ಮೇಲಿನ ಬಾಟಲಿಯಲ್ಲಿ ಒಂದು ಬೆರಳು ಕಮ್ಮಿಯಾದದ್ದು ಸಮ ರಸ್ತೆಯಲ್ಲಿ ಗೊತ್ತೇ ಆಗದೆ, ಮೂರನೇ ತಿರುವಲ್ಲಿ ಗೊತ್ತಾದರೆ ಏನು ಮಾಡ್ತೀರಿ?

ಬ್ರೇಕ್ ಆಯಿಲ್ ಸೋರುವ ಜಾಗಗಳು ಎಣಿಸಿದಷ್ಟೇ: ಬಾನೆಟ್ ಒಳಗಿನ ಮಾಸ್ಟರ್ ಸಿಲಿಂಡರ್, ಅಲ್ಲಿಂದ ಹೊರಡುವ ಲೋಹದ ಪೈಪು, ಚಕ್ರದ ಹತ್ತಿರದ ರಬ್ಬರ್ ಹೋಸು, ಮುಂದಿನ ಕ್ಯಾಲಿಪರ್, ಹಿಂದಿನ ಡ್ರಮ್ಮೊಳಗಿನ ವೀಲ್ ಸಿಲಿಂಡರ್. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಹೋದರೆ ಆಯಿಲ್ ಪೆಡಲ್ ಹತ್ತಿರ ಬರಬಹುದು, ಇಲ್ಲವೇ ಬೂಸ್ಟರ್ ಒಳಗೇ ಸೇರಿಕೊಂಡು ಹೊರಗೆ ಹನಿಯೇ ಬೀಳದಿರಬಹುದು. ಕ್ಲಚ್ಚೂ ಇದೇ ಆಯಿಲ್ಲಿನಿಂದ ಕೆಲಸ ಮಾಡುವ ಗಾಡಿಗಳಲ್ಲಿ ಗೇರ್ ಬಾಕ್ಸ್ ಪಕ್ಕದ ಸಣ್ಣ ಸಿಲಿಂಡರನ್ನೂ ನೋಡಿ.

ಹಿಂದಿನ ಚಕ್ರದ ಒಳಮಗ್ಗುಲು ಒದ್ದೆಯಾಗಿದ್ದರೆ ಎರಡರಲ್ಲಿ ಒಂದು. ವೀಲ್ ಸಿಲಿಂಡರಿನ ಬ್ರೇಕ್ ಆಯಿಲ್ ಇರಬೇಕು, ಇಲ್ಲವೇ ಆಕ್ಸಲ್ ಸೀಲು ಹೋಗಿ ಬಂದ ಹೌಸಿಂಗ್ ಆಯಿಲ್ ಇರಬೇಕು. ಮೂಗು ಮತ್ತು ನೀರಿನ ಬಟ್ಟಲು ಎರಡೇ ನಿಮಿಷದಲ್ಲಿ ತೀರ್ಮಾನ ಹೇಳ್ತವೆ. ಎರಡರಲ್ಲಿ ಯಾವುದೇ ಆದರೂ ಬ್ರೇಕ್ ಲೈನರ್ ನೆನೆದಿರುತ್ತದೆ. ನೆನೆದ ಲೈನರ್ ತೊಳೆದು ಒಣಗಿಸಿ ಹಾಕೋದು ನಮ್ಮಲ್ಲಿ ರೂಢಿ. ಬೇಡ, ಎರಡೂ ಕಡೆಯದು ಬದಲಿಸಿ.

ಅಂಗಳದಲ್ಲೇ ಮಾಡಬಹುದಾದ ಪರೀಕ್ಷೆ ಇದು: ಎಂಜಿನ್ ಓಡಿಸಿಕೊಂಡು ಬ್ರೇಕ್ ಪೆಡಲನ್ನು ಗಟ್ಟಿಯಾಗಿ ತುಳಿದು ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲು ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗೇ ರಬ್ಬರ್ ಸವೆದಿದೆ. ಪೆಡಲ್ ನಿಂತಿದ್ದು, ಬಾಟಲಿಯ ಮಟ್ಟ ಮಾತ್ರ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಇಳಿದಿದ್ದರೆ ಅದು ಸೋರಿಕೆ ಆಗದೆಯೂ ಇರಬಹುದು. ಡಿಸ್ಕ್ ಪ್ಯಾಡ್ ಸವೆದಂತೆ ಮಟ್ಟ ಇಳಿಯುತ್ತದೆ. ಆಗ ಆಯಿಲ್ ಸುರಿಯುವ ಮೊದಲು ಪ್ಯಾಡ್ ನೋಡಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಥರ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ಅಳತೆ ಇದೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಅಳತೆ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಚಕ್ರದ ಹತ್ತಿರ ಆ ಕಾವು ಬಂದುಬಿಡುತ್ತದೆ, ಆಯಿಲ್ ಕುದ್ದು ಆವಿಯಾಗಿ ಪೆಡಲ್ ಟೊಳ್ಳು ಬೀಳುತ್ತದೆ. ಕೆಳಗೆ ಹೋಗಿ ತಣ್ಣಗಾದ ಮೇಲೆ ಪೆಡಲ್ ಮೊದಲಿನಂತೆ! "ಎಲ್ಲೂ ಲೀಕ್ ಇಲ್ಲ ಗೌಡ್ರೇ" ಅಂತಾರೆ ಮೆಕ್ಯಾನಿಕ್. ಅವರು ಹೇಳೋದು ಸುಳ್ಳಲ್ಲ, ಲೀಕ್ ಇಲ್ಲ, ಆಯಿಲ್ಲೇ ಹಳಸಿದೆ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸೋದು ಒಳ್ಳೆಯದು. ಮಳೆಗಾಲವೆಲ್ಲ ಶೆಡ್ಡಿನಲ್ಲಿ ಮುಚ್ಚಳ ಸಡಿಲವಾಗಿ ಕೂತ ಅರ್ಧ ಬಾಟಲಿ ಬಳಸಬೇಡಿ. ಆಪತ್ತಿಗೆ ಅಂತ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಊದಿ ಇಡೀ ಬ್ರೇಕ್ ವ್ಯವಸ್ಥೆ ಬಿಚ್ಚಬೇಕಾಗುತ್ತದೆ.

ಇಳಿಯುವಾಗಲೇ ಪೆಡಲ್ ಕೈಕೊಟ್ಟರೆ ಪದೇ ಪದೇ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ ಎಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿಗೆ ತಂತಿ ಬೇರೆ ಇರುತ್ತದೆ, ಆಯಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಡೀಸೆಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಇಳಿಯುವ ಚಾಳಿ ನಮ್ಮವರಲ್ಲಿ ಇದೆ. ಎಂಜಿನ್ ನಿಂತರೆ ಬೂಸ್ಟರ್ ಸಹಾಯ ಹೋಗಿ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗೂ ಬಿಗಿಯಾಗುತ್ತದೆ. ಉಳಿಯುವ ಡೀಸೆಲ್ ಎಷ್ಟು?

ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಹಾಸಿಗೆ ಮೇಲೆ ನೀರು ಬೀಳ್ತಿದೆ ಅಂತ ನೇರ ಮೇಲಿನ ಹೆಂಚು ಬದಲಿಸಿದರೆ ಸೋರೋದು ನಿಲ್ಲಲ್ಲ. ಒಡೆದ ಹೆಂಚು ಎಲ್ಲೋ ಮೇಲಿರುತ್ತದೆ, ನೀರು ರೀಪರು ಹಿಡಿದು ಬಂದು ಇಲ್ಲಿ ಬೀಳುತ್ತದೆ. ಎಂಜಿನ್ನೂ ಅಷ್ಟೇ. ಮೇಲಿನ ಪ್ಯಾಕಿಂಗಿನಲ್ಲಿ ಸೋರಿದ್ದು ಗೋಡೆ ಹಿಡಿದು ಇಳಿದು ಚೇಂಬರ್ ಅಂಚಲ್ಲಿ ಹನಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಗೇರ್ ಬಾಕ್ಸಿಗೆ ಬಳಿಯುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಹುಡುಕಬೇಕು.

ಹಾನುಬಾಳು ಕಡೆಯ ನಮ್ಮ ನೆಂಟರ ಜೀಪಿನಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಿಂದ ಕಪ್ಪು ಆಯಿಲ್ ಬೀಳ್ತಿತ್ತು. ಆ ಜಾಗದಲ್ಲಿ ಬಿತ್ತು ಅಂದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಗೇರ್ ಬಾಕ್ಸ್ ಇಳಿಸಿ ಸೀಲು ಹಾಕಿದರು. ಮೂರು ದಿನಕ್ಕೆ ಮತ್ತೆ ಅದೇ ಹನಿ. ಕೊನೆಗೆ ತೊಳೆದು ನೋಡಿದರೆ ಮೇಲಿನ ಟ್ಯಾಪೆಟ್ ಕವರಿನ ಹಿಂಬದಿ ಪ್ಯಾಕಿಂಗ್ ಗಟ್ಟಿಯಾಗಿ ಸೀಳಿತ್ತು. ಸ್ಪ್ಯಾನರ್ ಹಿಡಿಯಬಲ್ಲವನು ಅರ್ಧ ಗಂಟೆಯಲ್ಲಿ ಹಾಕುವ ಪ್ಯಾಕಿಂಗಿಗೆ ಗೇರ್ ಬಾಕ್ಸ್ ಇಳಿಸಿದ ಕೂಲಿ ಹೋಯ್ತು, ಎರಡು ದಿನ ಗಾಡಿಯೂ ನಿಂತಿತು. ಹಿಂದಿನ ಸೀಲೇ ಹೋಗಿದ್ದರೆ ಎಷ್ಟೋ ಸಲ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿ ಏರಿನಲ್ಲಿ ಕ್ಲಚ್ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಆ ಲಕ್ಷಣ ಇಲ್ಲದಿದ್ದರೆ ಮೊದಲು ಮೇಲೆ ನೋಡಿ ಅಂತ ಹೇಳಿ.

ತೊಳೆಯದೆ ಹುಡುಕೋದು ವ್ಯರ್ಥ. ವರ್ಷಕ್ಕೆ 2000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಸಕಲೇಶಪುರದ ರಸ್ತೆಯಲ್ಲಿ ಒಂದು ಮಳೆಗಾಲ ಓಡಿದ ಗಾಡಿಯ ಚೇಂಬರಿಗೆ ಕೆಮ್ಮಣ್ಣು ಮೆತ್ತಿ, ಅದು ಆಯಿಲ್ ಕುಡಿದು ತಟ್ಟಿದ ಬೆರಣಿ ಥರ ಆಗಿರುತ್ತದೆ. ಎಂಜಿನ್ ತಣ್ಣಗಿದ್ದಾಗ ಮಣ್ಣು ಕೆರೆದು, ಹಳೇ ಬ್ರಷ್ಷು ಮತ್ತು ಸೋಪಿನ ಪುಡಿ ನೀರಿನಲ್ಲಿ ಉಜ್ಜಿ ತೊಳೆಯಿರಿ. ಜಿಡ್ಡು ಬಿಡದ ಕಡೆ ಸ್ವಲ್ಪ ಡೀಸೆಲ್ ಬಳಸಬಹುದು, ಪೆಟ್ರೋಲ್ ಬೇಡವೇ ಬೇಡ. ಬ್ರೇಕಿನ ಭಾಗಗಳಿಗೆ ಡೀಸೆಲ್ ತಾಗಿಸಬೇಡಿ. ಆಲ್ಟರ್ನೇಟರ್, ವೈರಿಂಗ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ಔಷಧಿ ಹೊಡೆಯುವ ಪಂಪಿನ ಜೋರು ನೀರು ಅಲ್ಲಿಗೆ ಬಿಡಬೇಡಿ.

ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಅಂಚುಗಳಿಗೆ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದರೆ ಬಿಳಿ ಪೌಡರಿನಲ್ಲಿ ಒದ್ದೆ ಗೆರೆ ಎಲ್ಲಿ ಶುರುವಾಗಿದೆ ಅಂತ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಆಯಿಲ್ಲಿಗೆ ಹೊಳೆಯುವ ಬಣ್ಣ ಬೆರೆಸಿ ನೇರಳೆ ಲೈಟಿನಲ್ಲಿ ನೋಡ್ತಾರೆ. ಕೆಲಸ ಒಂದೇ, ನಮ್ಮದು ಅಗ್ಗದ ದಾರಿ. ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್ ಬುಡ, ಆಯಿಲ್ ಪ್ರೆಷರ್ ಸ್ವಿಚ್, ಚೇಂಬರ್ ಪ್ಯಾಕಿಂಗ್, ಆಯಿಲ್ ಬಿಡುವ ಬೋಲ್ಟು ಇಷ್ಟನ್ನು ಮೊದಲು ನೋಡಿ. ಬೋಲ್ಟಿನ ವಾಶರ್ ಚಿಲ್ಲರೆ ಕಾಸಿನದು. ಆಯಿಲ್ ಬದಲಿಸುವಾಗಲೆಲ್ಲ ಹೊಸದು ಹಾಕಿಸಿದರೆ ಅರ್ಧ ಜಗಳ ಮುಗೀತದೆ.

ಸೀಲು ಹಾಕಿದಷ್ಟೂ ಮತ್ತೆ ಸೋರ್ತಿದೆ ಅಂದರೆ ಉಸಿರು ಕಟ್ಟಿದೆಯೇ ನೋಡಿ. ಎಂಜಿನ್ನಿಗೆ, ಗೇರ್ ಬಾಕ್ಸಿಗೆ, ಹಿಂದಿನ ಹೌಸಿಂಗಿಗೆ ಕಾವಿಗೆ ಹಿಗ್ಗಿದ ಗಾಳಿ ಹೊರಗೆ ಹೋಗಲಿ ಅಂತ ಬ್ರೀದರ್ ಕೊಟ್ಟಿರುತ್ತಾರೆ. ಹೌಸಿಂಗ್ ಮೇಲಿನ ಬ್ರೀದರ್ ನಮ್ಮ ಕೆಸರಿಗೆ ಮುಚ್ಚಿಹೋಗುತ್ತದೆ. ಗಾಳಿ ಹೋಗಲು ದಾರಿ ಇಲ್ಲದೆ ಆಯಿಲ್ಲನ್ನೇ ಸೀಲಿನಿಂದ ಆಚೆ ನೂಕುತ್ತದೆ. ಒಂದು ತಂತಿ ತುಂಡಲ್ಲಿ ಬಿಡಿಸುವ ಕೆಲಸಕ್ಕೆ ಎರಡೆರಡು ಸಲ ಆಕ್ಸಲ್ ಸೀಲು ಹಾಕಿಸಿದವರಿದ್ದಾರೆ. ಬಿಸಿಯಾದ ಹೌಸಿಂಗ್ ಹಳ್ಳದ ನೀರಲ್ಲಿ ಮುಳುಗಿದರೆ ಒಳಗೆ ನೀರು ಎಳೆದುಕೊಳ್ಳುವುದೂ ಉಂಟು, ಆಗ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಇಳಿಸಿ ಹೊಸದು ಹಾಕಬೇಕು.

ಕೂಲೆಂಟ್

ಏರು ಹತ್ತುವ ಗಾಡಿಗೆ ಬ್ರೇಕ್ ಬಿಟ್ಟರೆ ಮುಂದಿನ ಅಪಾಯ ಇದರದ್ದು. ಹೋಸ್ ಪೈಪಿನ ಕ್ಲಿಪ್ಪು, ರೇಡಿಯೇಟರ್ ತಳ, ವಾಟರ್ ಪಂಪಿನ ಅಡಿಯ ಸಣ್ಣ ತೂತು, ಈ ಮೂರು ಕಡೆ ಒಣಗಿದ ಪುಡಿ ಗೆರೆ ಹುಡುಕಿ. ಪಂಪಿನ ತೂತಿನಿಂದ ಹರಿದ ಗುರುತು ಇದ್ದರೆ ಒಳಗಿನ ಸೀಲು ಮುಗಿದಿದೆ ಅಂತ ಅರ್ಥ, ತೂತು ಮುಚ್ಚಬೇಡಿ, ಪಂಪು ಬದಲಿಸಿ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಕೈ ಸುಟ್ಟುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಮುಚ್ಚಳ ಒತ್ತಡ ಹಿಡಿದಿರುತ್ತದೆ, ತಣಿಯುವ ತನಕ ಮುಟ್ಟಬೇಡಿ.

ಕೆಳಗೆ ಒಂದು ಹನಿಯೂ ಇಲ್ಲ, ಬಾಟಲಿ ಮಾತ್ರ ಖಾಲಿ ಆಗ್ತಾ ಇದೆ ಅಂದರೆ ಸೋರಿಕೆ ಒಳಗಡೆ ಇರಬಹುದು. ಸೈಲೆನ್ಸರಿನಲ್ಲಿ ಕಾದ ಮೇಲೂ ದಟ್ಟ ಬಿಳಿ ಹೊಗೆ, ಆಯಿಲ್ ಗೇಜಿನಲ್ಲಿ ಮಜ್ಜಿಗೆ ಥರದ ಬಿಳುಪು ಕಂಡರೆ ಹೆಡ್ ಗ್ಯಾಸ್ಕೆಟ್. ಅಂಥ ಗಾಡಿ ಓಡಿಸುತ್ತಾ ಹೋದರೆ ಎಂಜಿನ್ನೇ ಹೋಗುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿದ್ದರೂ ಖುಷಿಪಡಬೇಡಿ. ಕೂಲೆಂಟೋ ಡೀಸೆಲ್ಲೋ ಒಳಗೆ ಇಳಿಯುತ್ತಿದೆ.

ರೈತರ ಅಂಗಳಕ್ಕೆ ಇನ್ನೊಂದು ಮಾತು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತವೆ, ಕರುಗಳಿಗೂ ಅಪಾಯ. ಚೆಲ್ಲಿದ ಕಡೆ ಮಣ್ಣು ಹಾಕಿ ಬಾಚಿ ತೆಗೆಯಿರಿ. ರೇಡಿಯೇಟರ್ ಬಿಚ್ಚಿದ ನೀರನ್ನು ಬಾನಿಯಲ್ಲಿ ತೆರೆದು ಇಡಬೇಡಿ. ನಾಯಿ ನೆಕ್ಕಿದ್ದು ಕಂಡರೆ ಅದು ಚೆನ್ನಾಗೇ ಇದೆ ಅಂತ ಕಾಯದೆ ಆಗಲೇ ಪಶುವೈದ್ಯರ ಹತ್ತಿರ ಒಯ್ಯಿರಿ.

ಡೀಸೆಲ್, ಪೆಟ್ರೋಲ್

ಪೆಟ್ರೋಲ್ ಸೋರಿಕೆಗೆ ರಟ್ಟಿನ ಪರೀಕ್ಷೆ ಸಾಲದು, ಬೆಳಗಾಗುವುದರೊಳಗೆ ಆರಿಹೋಗಿರುತ್ತದೆ. ವಾಸನೆಯೇ ಸಾಕ್ಷಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರೋದರಿಂದ ವಾಸನೆ ಬಂದರೆ ಗಾಡಿ ನಿಲ್ಲಿಸಿ ಎಲ್ಲರೂ ಇಳಿಯಿರಿ. ಬೀಡಿ, ಬೆಂಕಿಕಡ್ಡಿ ದೂರ. ಕಾರಣ ಎಷ್ಟೋ ಸಲ ಇಲಿ. ಸುಗ್ಗಿಯಲ್ಲಿ ರಾಗಿ ಮೂಟೆ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ ಬಾನೆಟ್ ಒಳಗೆ ಸೇರಿ ರಬ್ಬರ್ ಪೈಪು, ವೈರು ಕಡಿಯುತ್ತವೆ. ಹಲ್ಲಿನ ಗುರುತು ನೋಡಿ. ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ಒತ್ತಿ ವರ್ಕ್‌ಶಾಪು ಮುಟ್ಟುವ ಉಪಾಯ ಹಳೆಯದು. ಮುಟ್ಟುವ ತನಕ ಮಾತ್ರ ಅದು ಸರಿ.

ಈಚಿನ ಕಾಮನ್ ರೇಲ್ ಡೀಸೆಲ್ ಎಂಜಿನ್ನುಗಳಲ್ಲಿ ಓಡುವಾಗ ಕೈ ಆಡಿಸಿ ಸೋರಿಕೆ ಹುಡುಕಬೇಡಿ. ಆ ಒತ್ತಡದ ಡೀಸೆಲ್ ಕಣ್ಣಿಗೆ ಕಾಣದ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈ ಕಳಕೊಳ್ಳುವ ಮಟ್ಟಕ್ಕೂ ಮುಟ್ಟಬಹುದು. ಎಂಜಿನ್ ನಿಲ್ಲಿಸಿ ಒದ್ದೆ ಗುರುತು ನೋಡಿ, ಉಳಿದದ್ದು ಬಲ್ಲವರಿಗೆ ಬಿಡಿ.

ಎಷ್ಟು ಸೋರಿದರೆ ಎಷ್ಟು?

ಹನಿ ಎಣಿಸಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಅಂತ ಇಟ್ಟುಕೊಂಡರೆ ನಿಮಿಷಕ್ಕೊಂದು ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಎರಡು ವಾರಕ್ಕೆ ಒಂದು ಲೀಟರ್! ರಾತ್ರಿಯೆಲ್ಲ ಸೇರಿ ಎರಡು ಮೂರು ಹನಿ ಎಂಜಿನ್ ಆಯಿಲ್ ಅಂದರೆ ವಾರಕ್ಕೊಮ್ಮೆ ಗೇಜು ನೋಡಿಕೊಂಡು ಬೆಳೆ ದುಡ್ಡು ಬರುವ ತನಕ ಓಡಿಸಬಹುದು. ಎಷ್ಟನೇ ತಾರೀಕು ಎಷ್ಟು ತುಂಬಿದಿರಿ ಅಂತ ಡೈರಿ ಲೆಕ್ಕದ ಪುಸ್ತಕದಲ್ಲೇ ಒಂದು ಸಾಲು ಬರೆದಿಡಿ. ಆ ಅಂತರ ಕಮ್ಮಿಯಾಗ್ತಾ ಬಂದರೆ ಇನ್ನು ತಡೆಯಬಾರದು.

ವರ್ಕ್‌ಶಾಪಿಗೆ ಹೋಗುವಾಗ ರಟ್ಟನ್ನೂ ಒಯ್ಯಿರಿ. "ಆಯಿಲ್ ಲೀಕು" ಅನ್ನೋ ಬದಲು "ಬಲಗಡೆ ಹಿಂದಿನ ಚಕ್ರದ ಒಳಗೆ, ಗಂಧಕದ ವಾಸನೆ, ನೀರಲ್ಲಿ ತೇಲ್ತದೆ, ಮೂತಿ ಮೇಲಾಗಿ ನಿಲ್ಲಿಸಿದ್ದೆ" ಅಂತ ಹೇಳಿ. ಒಳ್ಳೇ ಮೆಕ್ಯಾನಿಕ್ ಆದರೆ ಕಿವಿಗೊಟ್ಟು ಕೇಳ್ತಾರೆ. ಹಳೇ ಸೀಲು, ಪ್ಯಾಕಿಂಗ್ ಕೈಗೆ ಕೊಡಿ ಅಂತ ಮೊದಲೇ ಹೇಳಿಡಿ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ಪದ್ಧತಿ ಬಗ್ಗೆ ಕೇಳುವವರಿದ್ದಾರೆ. ಸಣ್ಣ ಸೋರಿಕೆ ತಾತ್ಕಾಲಿಕವಾಗಿ ಕಟ್ಟುತ್ತದೆ ನಿಜ. ಆದರೆ ಪುಡಿಗೆ ಸೋರುವ ತೂತು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗೋದಿಲ್ಲ, ಎರಡನ್ನೂ ಕಟ್ಟುತ್ತದೆ. ಕಾಡು ದಾರಿಯಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡಾಗ ಹಾಕಿ ಮನೆ ಸೇರಿ. ಮಾರನೇ ದಿನವೇ ರೇಡಿಯೇಟರ್ ಇಳಿಸಿ, ಎರಡು ಮೂರು ಸಲ ಚೊಕ್ಕ ನೀರು ಹಾಯಿಸಿ ತೊಳೆದು, ಸೋರುವ ಜಾಗಕ್ಕೆ ಬೆಸುಗೆ ಹಾಕಿಸಿ ಹೊಸ ಕೂಲೆಂಟ್ ತುಂಬಿಸಿ.